ಸೊಂಟ ನೋವಿಗೆ ಕೈರೋಪ್ರಾಕ್ಟರ್ ಬಳಿ ಹೋಗಬಹುದೇ?

ಪ್ರಶ್ನೆ
ಕೆಲವು ವಾರಗಳಿಂದ ಸೊಂಟ ನೋವು ಕಾಡುತ್ತಿದೆ. ಬೆಳಗ್ಗೆ ಮಗ್ಗುಲಿಗೆ ಹೊರಳಿ, ಕೈಯೂರಿಯೇ ಏಳಬೇಕು. ಓಡಾಡತೊಡಗಿದ ಮೇಲೆ ತುಸು ಸಡಿಲವಾಗುತ್ತದೆ. ವೈದ್ಯರು ಸ್ನಾಯು ಸೆಳೆತವೆಂದು ಮಾತ್ರೆ ಕೊಟ್ಟಿದ್ದಾರೆ. ಬೆನ್ನುಮೂಳೆಯನ್ನು ಕೈಯಿಂದ ಒತ್ತಿ, ತಿರುವಿ ಚಿಕಿತ್ಸೆ ನೀಡುವ ಕೈರೋಪ್ರಾಕ್ಟರ್ ಬಳಿ ಹೋದರೆ ಒಂದೇ ಸಲಕ್ಕೆ ವಾಸಿಯಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಆದರೆ ಬೆನ್ನನ್ನು ಲಟಕ್ಕನೆ ತಿರುವುವ ವಿಡಿಯೋಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1
ನಾನು ಫಿಸಿಯೋಥೆರಪಿಸ್ಟ್, ಆ ಪಕ್ಷಪಾತ ನನ್ನ ಮಾತಿನಲ್ಲಿರಬಹುದು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಹಿಡಿತ ತಪ್ಪುವುದು, ಗುದ ಮತ್ತು ತೊಡೆಸಂದಿನ ಸುತ್ತ ಸ್ಪರ್ಶ ತಿಳಿಯದಿರುವುದು, ಕಾಲಿನ ಬಲ ಕುಂದುತ್ತಾ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಮೂಳೆ ಟೊಳ್ಳಾಗುವ ಕಾಯಿಲೆ, ಬಹುಕಾಲದ ಸ್ಟೀರಾಯ್ಡ್ ಸೇವನೆ ಇವುಗಳಿದ್ದರೆ ವೈದ್ಯರ ಒಪ್ಪಿಗೆಯಿಲ್ಲದೆ ಯಾರಿಂದಲೂ ಬೆನ್ನು ತಿರುವಿಸಿಕೊಳ್ಳಬಾರದು.

ಇವಾವುವೂ ಇಲ್ಲದಿದ್ದರೆ ಹೋಗುವುದರಲ್ಲಿ ತಪ್ಪಿಲ್ಲ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರ ತನ್ನ ಮಾರ್ಗಸೂಚಿಯಲ್ಲಿ ಹೊಸದಾಗಿ ಬಂದ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್, ಅಕ್ಯುಪಂಕ್ಚರ್‌ಗಳ ಜೊತೆಗೆ ಬೆನ್ನನ್ನು ಕೈಯಿಂದ ತಿರುವುವ ಈ ವಿಧಾನವನ್ನೂ ಹೆಸರಿಸಿದೆ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿಯಾದರೋ, ವ್ಯಾಯಾಮವೂ ಸೇರಿದ ಚಿಕಿತ್ಸೆಯ ಭಾಗವಾಗಿ ಮಾತ್ರ ಇದನ್ನು ಪರಿಗಣಿಸಬಹುದೆನ್ನುತ್ತದೆ. ಇಂತಹ ನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆಯಾದ್ದರಿಂದ, ಒಂದೇ ಸಲಕ್ಕೆ ವಾಸಿಯಾಯಿತೆಂಬ ಮಾತನ್ನು ಪೂರ್ತಿ ನಂಬುವುದು ಕಷ್ಟ.

ಉತ್ತರ 2
ನನಗೆ ಈ ಪದ್ಧತಿಯ ಮೂಲದ ಬಗ್ಗೆಯೇ ಅನುಮಾನವಿದೆ. 1895ರಲ್ಲಿ ಇದನ್ನು ಆರಂಭಿಸಿದ ಡೇನಿಯಲ್ ಡೇವಿಡ್ ಪಾಮರ್, ಬೆನ್ನುಮೂಳೆಯ ಜೋಡಣೆ ತಪ್ಪುವುದೇ ಬಹುತೇಕ ಕಾಯಿಲೆಗಳಿಗೆ ಕಾರಣವೆಂದು ವಾದಿಸಿದ್ದರು. ಅದಕ್ಕೆ ವೈಜ್ಞಾನಿಕ ಆಧಾರ ದೊರೆತಿಲ್ಲ. ಲಟಕ್ಕೆಂಬ ಸದ್ದು ಕೂಡ ಜರುಗಿದ ಮೂಳೆ ಸ್ವಸ್ಥಾನಕ್ಕೆ ಬಂದದ್ದಲ್ಲ, ಬೆರಳಿನ ಲಟಿಕೆ ಮುರಿದಾಗ ಆಗುವಂತೆ ಕೀಲಿನೊಳಗಿನ ದ್ರವದಲ್ಲಿ ಒತ್ತಡ ಬದಲಾಗಿ ಉಂಟಾಗುವ ಸದ್ದು. ಸೊಂಟ ನೋವೆಂದು ಹೋದವರ ಕತ್ತನ್ನೂ ತಿರುವಲು ಬಂದರೆ ಖಂಡಿತ ಬೇಡವೆನ್ನಿ. ವಿರಳವಾಗಿಯಾದರೂ ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ.

ಉತ್ತರ 3
ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಾನು ಕಂಡ ಕೈರೋಪ್ರಾಕ್ಟರ್ ಮೊದಲು ಹಳೆಯ ಕಾಯಿಲೆಗಳನ್ನೆಲ್ಲ ವಿಚಾರಿಸಿ, ಕಾಲೆತ್ತಿಸಿ, ಬಗ್ಗಿಸಿ ನೋಡಿ, ಏನು ಮಾಡುತ್ತೇನೆಂದು ವಿವರಿಸಿದ ಮೇಲೆಯೇ ಕೈಹಚ್ಚಿದರು. ಮನೆಯಲ್ಲಿ ಮಾಡಲು ವ್ಯಾಯಾಮವನ್ನೂ ಕಲಿಸಿದರು. ನೋವು ತಕ್ಕಮಟ್ಟಿಗೆ ಇಳಿಯಿತು. ಮೊದಲ ದಿನವೇ ಹತ್ತಾರು ಸಿಟಿಂಗ್‌ಗಳ ಹಣವನ್ನು ಮುಂಗಡವಾಗಿ ಕೇಳುವವರಿಂದ, ಎಲ್ಲರಿಗೂ ಎಕ್ಸ್-ರೇ ಬರೆದುಕೊಡುವವರಿಂದ ದೂರವಿರಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಒಂದು ವಿಷಯ ಬಿಟ್ಟುಹೋಗಿತ್ತು: ಎರಡು ದಿನಗಳಿಂದ ಬಲಗಾಲಿನ ಹೆಬ್ಬೆರಳಿನವರೆಗೆ ಜೋಮು ಹಿಡಿದಂತಾಗುತ್ತಿದೆ.

ಉತ್ತರ 1
ಹಾಗಿದ್ದರೆ ಸದ್ಯಕ್ಕೆ ಕೈರೋಪ್ರಾಕ್ಟರ್ ಬೇಡ. ನರದ ಮೇಲೆ ಒತ್ತಡ ಬಿದ್ದಿರುವ ಸಾಧ್ಯತೆಯಿದೆ. ಗೋಡೆ ಹಿಡಿದು, ಬರಿಯ ಹಿಮ್ಮಡಿಗಳ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಬಲಪಾದದ ಮುಂಭಾಗ ಕುಸಿಯುತ್ತಿದ್ದರೆ ಇಂದೇ ಆಸ್ಪತ್ರೆಗೆ ಹೋಗಿ. ಕುಸಿಯದಿದ್ದರೂ ಜೋಮಿನ ವಿಷಯವನ್ನು ನಿಮ್ಮ ವೈದ್ಯರಿಗೆ ಈ ವಾರವೇ ತಿಳಿಸಿ, ಅವರು ನೋಡಿದ ಮೇಲೆ ಮುಂದಿನದನ್ನು ನಿರ್ಧರಿಸಿ.