ಕರೆಂಟಲ್ಲಿ ಬಿಸಿಯಾಗೋ ಗ್ಲೌಸ್ ಹಾಕಿದೋರು ಸ್ವಲ್ಪ ಹೇಳಿ

ಚಿಕ್ಕಬಳ್ಳಾಪುರದಿಂದ: ನಮ್ಮಣ್ಣ ಬೆಳಗಿನ ಜಾವ ಬೈಕಲ್ಲಿ ಸೇವಂತಿಗೆ ಮೂಟೆ ಹಾಕ್ಕೊಂಡು ಮಾರ್ಕೆಟ್‌ಗೆ ಹೋಗ್ತಾನೆ. ಡಿಸೆಂಬರ್ ಬಂದ್ರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕಾಗಲ್ಲ ಅಂತಾನೆ. ಬ್ಯಾಟರಿ ಗ್ಲೌಸ್ ಕೊಡಿಸಬಹುದಾ?

ನಂದಿ ಬೆಟ್ಟದ ಕೆಳಗಿನಿಂದ: ಧೈರ್ಯವಾಗಿ ಕೊಡಿಸಿ ಅಕ್ಕ. ನಾನು ಹಾಕೋದು 7.4 ವೋಲ್ಟಿಂದು. ಬ್ಯಾಟರಿ ಮಣಿಕಟ್ಟಿನ ಹತ್ರ ಒಂದು ಜೇಬಲ್ಲಿರುತ್ತೆ, ಅಲ್ಲಿಂದ ಸಣ್ಣ ತಂತಿ ಬೆರಳುಗಳ ಹಿಂಬದಿಗೆ ಹೋಗಿರುತ್ತೆ. ಜೋರಲ್ಲೇ ಇಟ್ರೆ ಎರಡು ಮೂರು ಗಂಟೆಗೆ ಚಾರ್ಜ್ ಖಾಲಿ. ಅದಕ್ಕೇ ಮನೆ ಒಳಗಿರುವಾಗ್ಲೇ ಆನ್ ಮಾಡಿ, ಕೈ ಬೆಚ್ಚಗಾದ ಮೇಲೆ ಕಮ್ಮಿಗಿಳಿಸಿ ಹೊರಡಬೇಕು. ಒಂದ್ಸಲ ಕೈ ತಣ್ಣಗಾಯ್ತು ಅಂದ್ರೆ ದಾರೀಲಿ ಅದನ್ನ ಬಿಸಿ ಮಾಡೋದು ಬಹಳ ಕಷ್ಟ.

ತಗೊಳ್ಳುವಾಗ ಹೆಬ್ಬೆರಳಿಗೂ, ಬೆರಳ ತುದಿಗೂ ತಂತಿ ಹೋಗಿದೆಯಾ ಕೇಳಿ. ಅಂಗೈ ಹಿಂಬದಿ ಅಷ್ಟೇ ಬಿಸಿಯಾಗೋದು ಬೈಕಿಗೆ ಪ್ರಯೋಜನ ಇಲ್ಲ. ಬಿಗಿ ಸೈಜ್ ಬೇಡ, ರಕ್ತ ಓಡಲ್ಲ. ಬೈಕ್ ಬ್ಯಾಟರಿಗೇ ಕೊಡೋ 12 ವೋಲ್ಟಿಂದೂ ಇದೆ. ಅದಕ್ಕೆ ಫ್ಯೂಸ್ ಹಾಕಿಸಿ, ಕೀ ತೆಗೆದ್ರೆ ಕರೆಂಟ್ ನಿಲ್ಲೋ ಹಾಗೆ ಮೆಕ್ಯಾನಿಕ್ ಹತ್ರ ಮಾಡಿಸಿ.

ಶಿಡ್ಲಘಟ್ಟದಿಂದ: ಮೊದಲು ಗಾಳಿ ತಡೀರಿ. ಹ್ಯಾಂಡಲ್‌ಗೆ ಹಾಕೋ ಕವರ್ ಸಿಗುತ್ತೆ, ಕೈ ಅದರೊಳಗೇ ಇರುತ್ತೆ. ಎದೆ ಮೇಲೂ ಗಾಳಿ ಹೋಗದ ಜರ್ಕಿನ್ ಇರ್ಲಿ. ಮೈ ತಣ್ಣಗಾದ್ರೆ ರಕ್ತ ಒಳಗೇ ಉಳ್ಕೊಳ್ಳುತ್ತೆ, ಬೆರಳಿಗೆ ಬರೋದು ಕಮ್ಮಿ. ಆಗ ಎಂಥಾ ಗ್ಲೌಸ್ ಇದ್ರೂ ಸಾಲಲ್ಲ.

ಕೋಲಾರದಿಂದ: ನಾನು ನರ್ಸ್. ಅಣ್ಣಂಗೆ ಬೆರಳು ಬೆಳ್ಳಗೆ ಬಿಳಿಚಿಕೊಂಡು, ಆಮೇಲೆ ನೀಲಿಯಾಗಿ, ಬಿಸಿ ತಾಗಿದಾಗ ಕೆಂಪಗಾಗಿ ಚುಚ್ಚುತ್ತಾ, ಗಮನಿಸಿ ನೋಡಿ. ಹಾಗಿದ್ರೆ ಅದು ಬರೀ ಚಳಿ ಅಲ್ಲದೆ ರೇನಾಡ್ಸ್, ಅಂದ್ರೆ ಚಳಿಗೆ ಬೆರಳಿನ ರಕ್ತನಾಳ ವಿಪರೀತ ಬಿಗಿಯೋ ತೊಂದರೆ ಇರಬಹುದು, ಡಾಕ್ಟರ್‌ಗೆ ತೋರಿಸಿ. ಬೀಡಿ, ಸಿಗರೇಟ್ ಇದ್ರೆ ಬಿಡಿಸಿ, ಅದರಿಂದ ರಕ್ತನಾಳ ಇನ್ನೂ ಬಿಗಿಯುತ್ತೆ. ಕೆಲವು ಬಿಪಿ ಮಾತ್ರೆಯಿಂದಲೂ ಇದು ಜಾಸ್ತಿ ಆಗುತ್ತೆ. ಹಾಗಂತ ಕೇಳದೆ ಮಾತ್ರೆ ನಿಲ್ಲಿಸಬೇಡಿ. ಶುಗರ್ ಇದ್ದು ಬೆರಳಿಗೆ ಸ್ಪರ್ಶ ಕಮ್ಮಿ ಆಗಿದ್ರೆ ಗ್ಲೌಸ್ ಜೋರಲ್ಲಿ ಇಡಲೇಬೇಡಿ, ಚರ್ಮ ಸುಟ್ಟರೂ ಗೊತ್ತಾಗಲ್ಲ.

ಚಿಕ್ಕಬಳ್ಳಾಪುರದಿಂದ: ಬಿಳಿಚಿಕೊಳ್ಳೋದು ನಾನೂ ನೋಡಿದೀನಿ ಮೇಡಂ, ಇದೇ ವಾರ ಕರ್ಕೊಂಡು ಹೋಗ್ತೀನಿ. ಇನ್ನೊಂದು, ಇಬ್ಬನೀಲಿ ಹೂ ಮೂಟೆ ಎತ್ತಿ ಇಳಿಸುವಾಗ ಗ್ಲೌಸ್ ನೆನೆದ್ರೆ?

ನಂದಿ ಬೆಟ್ಟದ ಕೆಳಗಿನಿಂದ: ಮೂಟೆ ಮುಟ್ಟುವಾಗ ತೆಗೆದಿಡ್ಲಿ ಅಕ್ಕ. ನೆನೆದ್ರೆ ಬ್ಯಾಟರಿ ಬಿಚ್ಚಿ, ನೆರಳಲ್ಲಿ ಪೂರ್ತಿ ಒಣಗಿದ ಮೇಲೇ ಹಾಕಿ. ಬ್ಯಾಟರಿ ಉಬ್ಬಿದ್ರೆ ಮತ್ತೆ ಚಾರ್ಜಿಗೆ ಇಡಬೇಡಿ.