ಸಂಡೂರಿನ ಡಂಪ್‌ಗೆ ‘ಟೇಲಿಂಗ್ಸ್’ ಎನ್ನಬಹುದೇ?

ಪ್ರಶ್ನೆ (ಸಂಡೂರು):
ಮಾನ್ಯರೇ, ಮಳೆಗಾಲದಲ್ಲಿ ಗಣಿಯ ಕೆಂಪು ಮಣ್ಣು ಹಳ್ಳದ ಮೂಲಕ ನಮ್ಮ ಹೊಲಗಳಿಗೆ ಬರುತ್ತಿರುವ ಬಗ್ಗೆ ಅರ್ಜಿ ಬರೆಯುತ್ತಿದ್ದೇವೆ. ಗುಡ್ಡದ ಬದಿಗೆ ಸುರಿದಿರುವ ರಾಶಿಯನ್ನು ನಾವು ‘ಡಂಪ್’ ಎನ್ನುತ್ತೇವೆ. ಅರ್ಜಿಯಲ್ಲಿ ಅದನ್ನು ‘ಟೇಲಿಂಗ್ಸ್’ ಎಂದು ಬರೆಯಬಹುದೇ?

ಉತ್ತರ (ಹಟ್ಟಿ):
ದಯವಿಟ್ಟು ಹಾಗೆ ಬರೆಯಬೇಡಿ. ಅದಿರನ್ನು ಅರೆದು, ಬೇಕಾದ ಲೋಹವನ್ನು ಬೇರ್ಪಡಿಸಿದ ಮೇಲೆ ಉಳಿಯುವ ನುಣ್ಣನೆಯ ರಾಡಿಗೆ ಮಾತ್ರ ಟೇಲಿಂಗ್ಸ್ ಎನ್ನುತ್ತಾರೆ. ನಮ್ಮ ಹಟ್ಟಿ ಚಿನ್ನದ ಗಣಿಯಲ್ಲಿ ಅದಿರನ್ನು ಮಿಲ್ಲಿನಲ್ಲಿ ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ನಂತರ ಉಳಿಯುವುದು ಅದೇ. ಅದನ್ನು ಏರಿ ಕಟ್ಟಿದ ಜಾಗದಲ್ಲಿ ನಿಲ್ಲಿಸಬೇಕಾಗುತ್ತದೆ, ಒಣಗಿದರೆ ಸಣ್ಣ ಗಾಳಿಗೂ ಧೂಳೇಳುತ್ತದೆ. ಅದರಲ್ಲಿ ರಾಸಾಯನಿಕದ ಅಂಶ ಉಳಿದಿರಬಹುದಾದ ಕಾರಣ ಪರೀಕ್ಷೆಯ ಕ್ರಮವೂ ಬೇರೆಯೇ ಆಗಿರುತ್ತದೆ.

ಉತ್ತರ (ಬಳ್ಳಾರಿ):
ಮೇಲಿನ ಮಾತು ಸರಿಯಾಗಿದೆ. ನಿಮ್ಮಲ್ಲಿರುವುದು ಅದಿರಿನ ಮೇಲಿದ್ದ ಮಣ್ಣು, ಜಂಬಿಟ್ಟಿಗೆ, ಕಬ್ಬಿಣದ ಅಂಶ ಕಡಿಮೆಯಿರುವ ಕಲ್ಲು. ದಾಖಲೆಗಳಲ್ಲಿ ಇದಕ್ಕೆ ‘ಓವರ್‌ಬರ್ಡನ್’ ಅಥವಾ ‘ವೇಸ್ಟ್ ಡಂಪ್’ ಎಂದಿರುತ್ತದೆ. ಕನ್ನಡದಲ್ಲಿ ‘ಗಣಿ ತ್ಯಾಜ್ಯದ ರಾಶಿ’ ಎಂದರೆ ಸಾಕು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿದ ನಂತರ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ರಾಶಿಯ ಬುಡಕ್ಕೆ ತಡೆಗೋಡೆ, ಕೊರಕಲಿಗೆ ಚೆಕ್ ಡ್ಯಾಂ ಇಂಥ ಯೋಜನೆಯಲ್ಲೇ ಬರುತ್ತವೆ. ತಪ್ಪು ಪದ ಬಳಸಿದರೆ ‘ಇಲ್ಲಿ ಟೇಲಿಂಗ್ಸ್ ಇಲ್ಲವೇ ಇಲ್ಲ’ ಎಂಬ ಒಂದು ಸಾಲಿನ ಉತ್ತರಕ್ಕೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಆದ್ದರಿಂದ ಹಳ್ಳದ ಹೆಸರು, ಹೊಲಗಳ ಸರ್ವೆ ನಂಬರ್, ಹೂಳು ನಿಂತಿರುವ ಫೋಟೊಗಳನ್ನು ಸೇರಿಸಿ, ತಡೆಗೋಡೆ ಇದೆಯೇ ಎಂದು ಸ್ಪಷ್ಟವಾಗಿ ಕೇಳಿರಿ.