ಶೇಡಿ ಮಣ್ಣಿನ ಜಾಗದಲ್ಲಿ ಬೋರ್: ಹಾಲಿನಂಥ ನೀರು, ಸಿಕ್ಕಿಬಿದ್ದ ಪಂಪು. ಮರುಕೊರೆತಕ್ಕೆ ಯಾವ ವಿಧಾನ?

ಗುಡ್ಡೆಮನೆ
ನಮ್ಮ ಜಾಗ ಉಡುಪಿ ಜಿಲ್ಲೆಯ ಒಳನಾಡಿನಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡೆಯ ಇಳಿಜಾರಿನಲ್ಲಿದೆ. ಕೆಳಗೆ ಶೇಡಿ, ಅಂದರೆ ನುಣುಪಾದ ಬಿಳಿ ಜೇಡಿಮಣ್ಣು. ಮಾರ್ಚ್‌ನಲ್ಲಿ ಬೋರ್ ಕೊರೆಸಿದೆವು. ಲಾರಿಯ ಮೇಲಿನ ಗಾಳಿ ಹ್ಯಾಮರ್ ರಿಗ್, ಆರೂವರೆ ಇಂಚಿನ ತೂತು. 60 ಅಡಿಗೆ ಕಲ್ಲು ಸಿಕ್ಕಿತೆಂದು ಅಲ್ಲಿಯವರೆಗೆ ಪಿವಿಸಿ ಕೇಸಿಂಗ್ (ತೂತಿನ ಗೋಡೆ ಕುಸಿಯದಂತೆ ತಡೆಯುವ ಪೈಪು) ಇಳಿಸಿದರು. 210ರ ಹತ್ತಿರ ನೀರು ಬಂತು, 320ಕ್ಕೆ ನಿಲ್ಲಿಸಿದರು.

ಮೊದಲ ದಿನದಿಂದಲೂ ನೀರು ಹಾಲಿನ ಬಣ್ಣ. ತಿಳಿಯಾಗುತ್ತದೆ ಎಂದು ಕಾದೆವು. ಒಂಬತ್ತನೆಯ ದಿನ ಪಂಪು ಕಚ್ಚಿಕೊಂಡಿತು. ಎರಡು ದಿನ ಒದ್ದಾಡಿ ಮೇಲೆತ್ತಿದೆವು. ಈಗ ಹಗ್ಗಕ್ಕೆ ಕಬ್ಬಿಣದ ತುಂಡು ಕಟ್ಟಿ ಇಳಿಸಿದರೆ 88 ಅಡಿಯಲ್ಲಿ ನಿಲ್ಲುತ್ತದೆ.

ಏಜೆಂಟರು ಅದೇ ರಿಗ್ ತಂದು ಪಕ್ಕದಲ್ಲಿ 600 ಅಡಿ ಹೊಡೆಯೋಣ ಎನ್ನುತ್ತಾರೆ. ಇನ್ನೊಬ್ಬರು ರೋಟರಿ ಎನ್ನುತ್ತಾರೆ. ಮತ್ತೊಬ್ಬರು ಓಡೆಕ್ಸ್, ಆದರೆ ಕೇಸಿಂಗ್ ಖರ್ಚು ದುಬಾರಿ. ಯಾರ ಮಾತು ಕೇಳಲಿ?

ಕೋಲಾರದ ತೋಟ
ನಮ್ಮಲ್ಲಿ ಸಾವಿರ ಅಡಿ ದಾಟಿದ ಬೋರುಗಳಿಗೂ ಹ್ಯಾಮರ್ ರಿಗ್ಗೇ. ಬೇರೆ ಯಂತ್ರವನ್ನು ಯಾರೂ ಕರೆಸುವುದಿಲ್ಲ. ಆಳಕ್ಕೆ ಹೋದರೆ ಶುದ್ಧ ನೀರು ಸಿಗಬಹುದು. ಏಜೆಂಟರ ಮಾತಿನಲ್ಲಿ ತಪ್ಪು ಕಾಣುವುದಿಲ್ಲ.

ಹಳೆಯ ರಿಗ್ ಮೇಸ್ತ್ರಿ
ಕೋಲಾರದವರೇ, ನಿಮ್ಮ ಕಡೆ ಸ್ವಲ್ಪ ಮಣ್ಣು ಇಳಿದರೆ ಕಲ್ಲು. ಹ್ಯಾಮರ್ ಹುಟ್ಟಿರುವುದೇ ಅಂಥ ನೆಲಕ್ಕೆ. 1967ರಲ್ಲಿ ಬಿಹಾರದ ಬರಗಾಲಕ್ಕೆಂದು ಯೂನಿಸೆಫ್ ವಿಮಾನದಲ್ಲಿ ತರಿಸಿದ್ದೂ ಗಟ್ಟಿಕಲ್ಲು ಕೊರೆಯುವ ರಿಗ್ಗುಗಳನ್ನೇ. ಕರಾವಳಿಯ ಗುಡ್ಡೆಯಲ್ಲಿ ಕಲ್ಲಿನ ಮೇಲೆ ಏನು ಕೂತಿದೆ ಎಂಬುದನ್ನು ಮೊದಲು ನೋಡಬೇಕು.

ಗುಡ್ಡೆಮನೆಯವರೇ, ಎರಡು ವಿಷಯ ತಿಳಿಸಿ. ಒಂದು, ಆ ನೀರನ್ನು ಬಾಟಲಿಯಲ್ಲಿ ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಕೆಳಗೆ ಕೂತದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಎರಡು, 60 ಅಡಿಯ ಕಲ್ಲು ದಾಟಿದ ಮೇಲೆ ರಾಡು ಹೇಗೆ ಇಳಿಯಿತು? ರಾಡಿನ ಲೆಕ್ಕ ಬರೆದವರು ಯಾರಾದರೂ ಇದ್ದಾರೆಯೇ?

ಗುಡ್ಡೆಮನೆ
ಬಾಟಲಿಯ ತಳದಲ್ಲಿ ಬೆರಳಗಲ ಬಿಳಿ ಪದರ. ಸಾಬೂನಿನಂತೆ ಜಾರುತ್ತದೆ, ಮರಳಿನ ತರಿ ಇಲ್ಲ.

ಬಿಲ್ಲಿನಲ್ಲಿ ಮೋಸವಾಗಬಾರದೆಂದು ಅಕ್ಕನ ಮಗ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದ್ದ. ಒಂದಕ್ಕೊಂದು ಜೋಡಿಸುತ್ತ ಇಳಿಸುವ ರಾಡು ತಲಾ 20 ಅಡಿಯದು, ಅಂದರೆ ನಾಲ್ಕನೆಯದು 60 ಅಡಿಯಿಂದ ಶುರು. ನಾಲ್ಕನೆಯ ರಾಡು ಮೊದಲ ಐದಾರು ಅಡಿ ನಿಧಾನ, ಆಮೇಲೆ ಸರ್ರನೆ ಇಳಿದಿದೆ. ಐದನೆಯದು ಪೂರ್ತಿ ಮೆತ್ತಗೆ, ಬಿಳಿ ಕೆಸರು. ಆರನೆಯ ರಾಡಿನ ಆರಂಭದಲ್ಲಿ ಬೂದು ಪುಡಿ ಹಾರಿದೆ.

ಹಳೆಯ ರಿಗ್ ಮೇಸ್ತ್ರಿ
ಆ ಹುಡುಗನಿಗೆ ಒಂದು ಹೋಳಿಗೆ ಊಟ ಹಾಕಿಸಿ. ಉತ್ತರ ಅವನ ಪುಸ್ತಕದಲ್ಲಿಯೇ ಇದೆ.

60 ಅಡಿಗೆ ಸಿಕ್ಕಿದ್ದು ತಳದ ಕಲ್ಲಲ್ಲ, ಶೇಡಿಯೊಳಗೆ ಉಳಿದುಕೊಂಡ ಉಂಡೆಕಲ್ಲು. ಬಂಡೆ ಲಕ್ಷಾಂತರ ವರ್ಷ ಕೊಳೆತು ಶೇಡಿಯಾಗುವಾಗ ನಡುನಡುವೆ ಗಟ್ಟಿ ಉಂಡೆಗಳು ಹಾಗೆಯೇ ಉಳಿಯುತ್ತವೆ. ರಿಗ್ಗಿನವರು ಅದರ ಮೇಲೆ ಕೇಸಿಂಗ್ ಕೂರಿಸಿದ್ದಾರೆ. 66ರಿಂದ 100 ಅಡಿಯವರೆಗಿನ ಶೇಡಿಗೆ ಯಾವ ಆಸರೆಯೂ ಇಲ್ಲ. ಪಂಪು ಎಳೆದಂತೆಲ್ಲ ಅದು ಕುಸಿದು ನೀರಿಗೆ ಸೇರಿದೆ. ಬೂದು ಕಲ್ಲುಪುಡಿಯಾಗಿದ್ದರೆ ತರಿತರಿಯಾಗಿರುತ್ತಿತ್ತು, ನಾಲ್ಕು ದಿನ ಪಂಪು ಓಡಿಸಿದರೆ ತಿಳಿಯಾಗುತ್ತಿತ್ತು. ಪಕ್ಕದಲ್ಲಿ 600 ಅಡಿ ಹೊಡೆದು 60ಕ್ಕೇ ಕೇಸಿಂಗ್ ನಿಲ್ಲಿಸಿದರೂ ಇದೇ ಹಾಲು.

ಈಗ ವಿಧಾನ. ಹ್ಯಾಮರ್ ಗಾಳಿಯ ಬಲದಲ್ಲಿ ಬಡಿಯುತ್ತದೆ, ಅದೇ ಗಾಳಿ ಪುಡಿಯನ್ನು ಮೇಲಕ್ಕೆ ಊದುತ್ತದೆ. ಕಲ್ಲಿನಲ್ಲಿ ಇದಕ್ಕೆ ಸಾಟಿಯಿಲ್ಲ. ಒದ್ದೆ ಶೇಡಿಯಲ್ಲಿ ಮಾತ್ರ ಪುಡಿಯ ಬದಲು ಅಂಟು ಏಳುತ್ತದೆ, ರಾಡಿನ ಸುತ್ತ ಬಳೆಯಂತೆ ಕಟ್ಟಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ರಾಡು ತೆಗೆದು ಕೇಸಿಂಗ್ ಇಳಿಸುವಷ್ಟರಲ್ಲಿ ಗೋಡೆ ಕುಸಿದಿರುತ್ತದೆ.

ರೋಟರಿಯಲ್ಲಿ ಬೆಂಟೊನೈಟ್ (ನೀರಲ್ಲಿ ಉಬ್ಬುವ ಜೇಡಿ) ಕಲಸಿದ ಕೆಸರುನೀರನ್ನು ತೂತಿನ ತುಂಬ ನಿಲ್ಲಿಸುತ್ತಾರೆ. ಅದರ ಒತ್ತಡ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಮರಳು, ಮೆಕ್ಕಲು, ಜೇಡಿಗೆ ಒಳ್ಳೆಯದು. ನಿಮ್ಮಲ್ಲಿ ಉಂಡೆಕಲ್ಲು ಎದುರಾದ ಕೂಡಲೇ ಅದು ತೆವಳುತ್ತದೆ, ತಳದ ಬಂಡೆಯಲ್ಲಂತೂ ಕೇಳುವುದೇ ಬೇಡ.

ಓಡೆಕ್ಸ್ ಎಂದರೂ ಹ್ಯಾಮರೇ. ಬಿಟ್ಟಿನ, ಅಂದರೆ ಕೊರೆಯುವ ತುದಿಯ, ಒಂದು ಭಾಗ ಬದಿಗೆ ತೆರೆದುಕೊಂಡು ಕೇಸಿಂಗಿಗಿಂತ ಅಗಲವಾಗಿ ಕೊರೆಯುತ್ತದೆ, ಕೊರೆದ ಹಿಂದೆಯೇ ಕಬ್ಬಿಣದ ಕೇಸಿಂಗ್ ಇಳಿಯುತ್ತದೆ. ಗೋಡೆಗೆ ಕುಸಿಯಲು ಸಮಯವೇ ಸಿಗುವುದಿಲ್ಲ, ಉಂಡೆಕಲ್ಲನ್ನೂ ಒಡೆಯುತ್ತದೆ. ತಳದ ಬಂಡೆಗೆ ನಾಲ್ಕು ಅಡಿ ಕಚ್ಚಿದ ಮೇಲೆ ರಾಡನ್ನು ಹಿಂದಕ್ಕೆ ತಿರುಗಿಸಿದರೆ ಬಿಟ್ ಮಡಚಿಕೊಳ್ಳುತ್ತದೆ. ಅದನ್ನು ಹೊರಗೆಳೆದು ಮಾಮೂಲಿ ಬಿಟ್ ಹಾಕಿ ಮುಂದುವರಿಯುತ್ತಾರೆ. ನಿಮ್ಮ ಜಾಗಕ್ಕೆ ನಾನು ಹೇಳುವುದು ಇದನ್ನೇ. ಖರ್ಚು ಕೇಸಿಂಗಿನಲ್ಲಿ ಹೆಚ್ಚಿದರೆ ಆಳದಲ್ಲಿ ಉಳಿಸಿ. 210ಕ್ಕೆ ನೀರು ಸಿಕ್ಕಿದ್ದವರು 600ಕ್ಕೆ ಏಕೆ ಹೋಗಬೇಕು? ಅಡಿಯ ಲೆಕ್ಕದಲ್ಲಿ ದುಡಿಯುವವರಿಗೆ ಆಳ ಯಾವಾಗಲೂ ಸಿಹಿ.

ಕೋಲಾರದ ತೋಟ
ಒಪ್ಪಿದೆ. ನಮ್ಮ ಅನುಭವ ನಿಮ್ಮ ನೆಲಕ್ಕೆ ಹೊಂದುವುದಿಲ್ಲ.

ಕಡಲಬದಿ
ನಮ್ಮದು ಕುಂದಾಪುರದ ಕಡೆ, ಬರೀ ಮರಳು. ಕೈಯಿಂದಲೇ ಕೊರೆದು 20 ಅಡಿಗೆ ಫಿಲ್ಟರ್ ಪಾಯಿಂಟ್ (ತುದಿಯಲ್ಲಿ ಜಾಲರಿಯಿರುವ ಸಣ್ಣ ಪೈಪು) ಇಳಿಸಿದ್ದೇವೆ. ಇಲ್ಲಿ ಆಳಕ್ಕೆ ಹೋದರೆ ಉಪ್ಪು. ಗುಡ್ಡೆಮನೆಯವರೇ, ಹಳೆಯ ಬೋರಿಗೆ ಒಳಗಿನಿಂದ ಸಣ್ಣ ಕೇಸಿಂಗ್ ಹಾಕಲು ಆಗುವುದಿಲ್ಲವೇ? ಹೊಸ ಬೋರಿನ ಖರ್ಚೇ ಉಳಿಯುತ್ತಿತ್ತು.

ಹಳೆಯ ರಿಗ್ ಮೇಸ್ತ್ರಿ
ಹೂಳು ತೆಗೆದು ಒಳಕೇಸಿಂಗ್ ಇಳಿಸಬಹುದು. ಆದರೆ ಹೂಳು ತೆಗೆಯುವಾಗಲೇ ಇನ್ನಷ್ಟು ಶೇಡಿ ಬೀಳುತ್ತದೆ. ಒಳಪೈಪಿನ ಬುಡ ಬಂಡೆಯ ಮೇಲೆ ಬಿಗಿಯಾಗಿ ಕೂರದಿದ್ದರೆ ಅಂಚಿನಿಂದ ಹಾಲು ಮತ್ತೆ ಇಣುಕುತ್ತದೆ. 66 ಅಡಿಯ ಬಳಿ ಉಂಡೆಕಲ್ಲು ವಾಲಿದ್ದರೆ ಪೈಪು ಕೆಳಗಿಳಿಯುವುದೇ ಇಲ್ಲ. ನಾನಾದರೆ ಆ ದುಡ್ಡನ್ನು ಹೊಸದಕ್ಕೆ ಇಡುತ್ತೇನೆ.

ಗುಡ್ಡೆಮನೆ
ಐದು ವಾರದ ನಂತರ ಬರೆಯುತ್ತಿದ್ದೇನೆ. 25 ಅಡಿ ಆಚೆ ಓಡೆಕ್ಸ್ ಮಾಡಿಸಿದೆವು. ಇಲ್ಲಿ 48 ಅಡಿಗೇ ಒಂದು ಉಂಡೆಕಲ್ಲು, ಮೂರು ಅಡಿ ದಪ್ಪ. ರಿಗ್ಗಿನ ಹುಡುಗರು "ಕಲ್ಲು ಬಂತು, ಕೇಸಿಂಗ್ ಸಾಕು" ಎಂದರು! ಅಕ್ಕನ ಮಗ ಪುಸ್ತಕ ತೋರಿಸಿ ಬಿಡಲಿಲ್ಲ. ತಳದ ಬಂಡೆ 104ಕ್ಕೆ ಸಿಕ್ಕಿತು, ಕೇಸಿಂಗ್ 108ರವರೆಗೆ ಇಳಿಯಿತು. 205ಕ್ಕೆ ನೀರು, 240ಕ್ಕೆ ನಿಲ್ಲಿಸಿದೆವು. ಮೂರು ಗಂಟೆ ಕಂಪ್ರೆಸರ್ ಗಾಳಿ ಬಿಟ್ಟ ಮೇಲೆ ನೀರು ತಿಳಿಯಾಯಿತು. ಬಾಟಲಿ ಕಿಟಕಿಯಲ್ಲಿದೆ, ತಳದಲ್ಲಿ ಏನೂ ಕೂತಿಲ್ಲ.

ಹಳೆಯ ಬೋರಿನ ಬಾಯಿಗೆ ಸದ್ಯ ಚಪ್ಪಡಿ ಮುಚ್ಚಿದ್ದೇವೆ. ಸಾಕೇ?

ಹಳೆಯ ರಿಗ್ ಮೇಸ್ತ್ರಿ
ಸಾಲದು. ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆರೂವರೆ ಇಂಚಿನ ತೂತು 320 ಅಡಿಗೆ ಸುಮಾರು 75 ಘನ ಅಡಿ. ನಿಮ್ಮದರಲ್ಲಿ ಬಹುಪಾಲು ಶೇಡಿಯೇ ತುಂಬಿಕೊಂಡಿರಬಹುದು. ಮೇಲೆ ಉಳಿದ 88 ಅಡಿಗೆ ಇಪ್ಪತ್ತು, ಇಪ್ಪತ್ತೈದು ಘನ ಅಡಿ ಜಲ್ಲಿ ಮತ್ತು ಮರಳು ಸಾಕು. ಒಮ್ಮೆಲೇ ಸುರಿಯಬೇಡಿ, ನಡುವೆ ಕಟ್ಟಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ. ಬುಟ್ಟಿ ಬುಟ್ಟಿಯಾಗಿ ಹಾಕಿ ಹಗ್ಗ ಇಳಿಸಿ ನೋಡುತ್ತಿರಿ. ಕೊನೆಯ ಹತ್ತು ಅಡಿಗೆ ಜೇಡಿಮಣ್ಣು ತುಂಬಿ ಗುದ್ದಿ, ಮಳೆ ಬಿದ್ದ ಮೇಲೆ ತಗ್ಗಿದಷ್ಟಕ್ಕೆ ಇನ್ನೊಮ್ಮೆ ಹಾಕಿ.